ದೇವರ ಕೋಣೆಯ ಮೇಲಿನ ಮಾಳಿಗೆ

ನಾನು ಮೂವತ್ತೆಂಟು ವರ್ಷ ಮಂದಿಯ ಮನೆಯ ಮಾಳಿಗೆ ಹತ್ತಿದೆ. ಬಿಟ್ಟು ಆರು ವರ್ಷವಾಯಿತು. ಬಿಟ್ಟದ್ದು ಮೊಣಕಾಲಿನ ಸಲುವಾಗಿ, ಬೇರೆ ಏನೂ ಇಲ್ಲ. ಈಗ ನಮ್ಮೂರು ಅಗಡಿಯಿಂದ ಈ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬಂದು, "ಆಯಿ, ಹಳೇ ಮಾಳಿಗಿ ಇರಲೋ ತೆಗೀಲೋ ಅಂತ ನೀ ಹೆಂಗ ಹೇಳ್ತಿದ್ದಿ?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಲು ಕುಳಿತರೆ ನಾನು ಗೆದ್ದದ್ದಷ್ಟೇ ಹೇಳುತ್ತೇನೆ. ನಾಲಿಗೆಗೆ ಆ ಚಟ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಕಲಿತದ್ದು ಮೂರನೇ ಇಯತ್ತೆ. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಅಂದಿದ್ದೇನೆ.

ಸ್ಲ್ಯಾಬಿನ ಮನೆಯಲ್ಲಿ ಹುಟ್ಟಿದವರಿಗೆ ಮಣ್ಣಿನ ಮಾಳಿಗೆ ಗೊತ್ತಿರಲಿಕ್ಕಿಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಅದರ ಮೇಲೆ ಸಣ್ಣ ಕಟ್ಟಿಗೆಯ ಸೀಳು, ಬೇವಿನ ಸೊಪ್ಪು, ಆಮೇಲೆ ದಪ್ಪ ಮಣ್ಣು. ಎಲ್ಲಕ್ಕಿಂತ ಮೇಲೆ ನೀರು ಕುಡಿಯದ ಕರಲು ಮಣ್ಣಿನ ಹೊದಿಕೆ. ಎರಡು ತೊಲೆಗಳ ನಡುವಿನ ಜಾಗಕ್ಕೆ ಅಂಕಣ ಅನ್ನುತ್ತೇವೆ. ಮಳೆಗಾಲಕ್ಕೆ ಮೊದಲು ವರ್ಷಾ ಒಂದು ಪದರು ಮಣ್ಣು ಹಾಕಿ, ಬಡಿದು, ನೀರು ನಿಲ್ಲದಂತೆ ಇಳಿಜಾರು ಮಾಡಬೇಕು. ಅದು ನಮ್ಮ ಕೆಲಸ. ಹಾಕುತ್ತ ಹಾಕುತ್ತ ಭಾರ ಏರುತ್ತದೆ, ಕಟ್ಟಿಗೆಗೆ ವಯಸ್ಸಾಗುತ್ತದೆ. ಆಗ ಮನೆಯವರು ಕೇಳುವ ಮಾತು ಒಂದೇ: ಇರಲೋ, ತೆಗೆಸಲೋ? ಮಣ್ಣು ಹೊರುವುದು ಕಷ್ಟವಲ್ಲ. ಆ ಮಾತಿಗೆ ಉತ್ತರ ಕೊಡುವುದು ಕಷ್ಟ. ಉತ್ತರ ತಪ್ಪಿದರೆ ನಿಮ್ಮ ತಲೆಯ ಮೇಲೆ ಬೀಳುವುದಿಲ್ಲ, ಒಳಗೆ ಮಲಗಿದವರ ಮೇಲೆ ಬೀಳುತ್ತದೆ.

ನನಗೆ ಕಲಿಸಿದ್ದು ನನ್ನ ಮಾವ. ಗಂಡನಿಗೆ ಎತ್ತರ ಎಂದರೆ ಕಣ್ಣು ಕತ್ತಲೆ. ನಿಚ್ಚಣಿಕೆಯ ಎರಡನೇ ಮೆಟ್ಟಿಲಿಗೇ ಗೋಡೆ ತಬ್ಬಿಕೊಳ್ಳುತ್ತಿದ್ದ. ಹಾಗಾಗಿ ಅವನು ಕೆಳಗೆ ಮಣ್ಣು ಕಲಸುತ್ತಿದ್ದ, ನಾನು ಮೇಲೆ ಹತ್ತುತ್ತಿದ್ದೆ. ಓಣಿಯ ಮಂದಿ ನಗುತ್ತಿದ್ದರು. "ನಗಲಿ ಬಿಡು, ಮನೀ ಸೋರಿದಾಗ ಇವರs ಬರ್ತಾರ" ಎಂದ ಮಾವ. ಬಂದರು ಕೂಡ.

ಮಾವ ಹೇಳಿಕೊಟ್ಟ ಕ್ರಮ ಹೀಗಿತ್ತು. "ಮಾಳಿಗಿ ನೋಡಾಕ ಹೋದ್ರ ಮೊದ್ಲ ಮ್ಯಾಲೆ ಹತ್ತಬ್ಯಾಡ. ಆ ಮನ್ಯಾಗ ಕಸಾ ಗುಡಿಸೋ ಹೆಣ್ಮಗಳನ್ನ ಕೇಳು. ಯಜಮಾನಗ ತನ್ನ ಮನೀಗೆ ಎಷ್ಟು ತೊಲಿ ಅದಾವ ಅನ್ನೂದು ಗೊತ್ತಿರಂಗಿಲ್ಲ. ಗುಡಿಸೋಕಿಗೆ ಯಾವ ಮೂಲ್ಯಾಗ ಮಣ್ಣು ಉದರತೈತಿ ಅನ್ನೂದು ದಿನಾ ಗೊತ್ತು." ಅದಾದ ಮೇಲೆ ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗಕ್ಕೆ ಚಾಕುವಿನ ಮೊನೆ ಹಾಕಿ ನೋಡಬೇಕು. ಕೊಳೆಯುವುದು ಅಲ್ಲಿಂದಲೇ. ಆಮೇಲೆ ಚಾಕುವಿನ ಬೆನ್ನಿನಿಂದ ಬಡಿದು ಸದ್ದು ಕೇಳಬೇಕು. ಕಡೆಗೆ ಮೇಲೆ ಹತ್ತಿ, ಬರಿಗಾಲಲ್ಲಿ, ಒಂದೂ ಅಂಕಣ ಬಿಡದೆ ನಡೆಯಬೇಕು. ಕೆಳಗೆ ಟೊಳ್ಳಿದ್ದರೆ ಹಿಮ್ಮಡಿಗೆ ತಿಳಿಯುತ್ತದೆ.

"ಒಂದೂ ಅಂಕಣ ಬಿಡದೆ" ಅನ್ನುವುದನ್ನು ಮಾವ ಎರಡು ಸಲ ಹೇಳುತ್ತಿದ್ದ. ನಾನು ಒಂದು ಸಲ ಕೇಳಿಸಿಕೊಂಡೆ.

ಮೊದಲ ನಾಚಿಕೆ ಸಣ್ಣದು, ಅದನ್ನು ಹೇಳಿಬಿಡುತ್ತೇನೆ. ಕರ್ಜಗಿಯ ಒಬ್ಬ ರೈತ ತನ್ನ ಮಾಳಿಗೆ ಕೆಲಸಕ್ಕೆ ಯಾರನ್ನು ಕರೆಯಬೇಕು ಎಂದು ವಿಚಾರಿಸುತ್ತ ನಮ್ಮ ಮನೆಗೆ ಬಂದ. ಆಷಾಢದ ಜಿಟಿಜಿಟಿ ಮಳೆ. ಬಾಗಿಲಲ್ಲಿ ನಿಂತವನು ಒಳಗಿನ ಸದ್ದು ಕೇಳಿದ. ನಮ್ಮ ಪಡಸಾಲೆಯಲ್ಲಿ ಮೂರು ಕಡೆ ಸೋರಿ, ಒಂದು ಕೊಡ, ಒಂದು ತಪೇಲಿ, ಒಂದು ಕಬ್ಬಿಣದ ಪುಟ್ಟಿ ಇಟ್ಟಿದ್ದೆವು.

"ಮಾಳಿಗಿ ಹನುಮವ್ವನ ಮನಿ ಇದs ಏನವಾ?"

"ಇದs ರಿ. ಒಳಗ ಬರ್ರಿ."

"ಬರ್ತೇನಿ. ಎಲ್ಲಿ ನಿಲ್ಲಲಿ ಹೇಳು. ಕೊಡದ ಕಡೆ ನಿಲ್ಲಲೋ, ತಪೇಲಿ ಕಡೆ ನಿಲ್ಲಲೋ?"

"ಮಂದಿ ಮಾಳಿಗಿ ಮುಗಿಸಿ ನಮ್ದು ಮಾಡೂದ್ರಿ. ಕೈ ತೆರವಾಗಿಲ್ಲ" ಅಂದೆ.

"ಹೌದು ಬಿಡು, ಅಡಗಿ ಮಾಡೋಕಿ ಕಡೀಕ ಉಣ್ತಾಳ. ಆದ್ರ ನೀರು ಅಷ್ಟೊತ್ತನಕ ಕಾಯಂಗಿಲ್ಲಲ್ಲವಾ" ಎಂದು ಛತ್ರಿ ಬಿಚ್ಚಿ ಹೋದ. ಹಾವೇರಿಯ ಗೌಂಡಿಯನ್ನು ಕರೆದನಂತೆ. ಅವನು ಮಾಡಿದ್ದು ಸರಿ. ಮನೆ ಕಟ್ಟಿಸುವವರೇ, ಕೆಲಸದವರನ್ನು ಕರೆಯುವ ಮೊದಲು ಅವರ ಮನೆಗೆ ಹೋಗಿ. ಅದೂ ಮಳೆಯಲ್ಲಿ ಹೋಗಿ.

ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿಯದು ಬೇರೆ ಕಥೆ. ಅವನು ತೆಗೆಸಲೋ ಬೇಡವೋ ಎಂದು ಎರಡು ಬೇಸಿಗೆ ಯೋಚಿಸಿ, ನಾಲ್ಕು ಮಂದಿಯನ್ನು ಕರೆಸಿ ಕೇಳಿದ್ದ. ನಾಲ್ವರೂ ತೆಗೆಯಬೇಕು ಅಂದಿದ್ದರು. ಐದನೆಯವಳು ನಾನು. ಕಸ ಗುಡಿಸುವವಳನ್ನು ಹುಡುಕಿ ಕೇಳಿದೆ. "ಏನೂ ಉದರಂಗಿಲ್ಲಕ್ಕ. ಇಲಿ ಹಿಕ್ಕಿ ಬೀಳತೈತಿ ಅಷ್ಟs" ಅಂದಳು. ತೊಲೆಗೆ ಚಾಕು ಹಾಕಿದರೆ ಮೊನೆ ಬಾಗಿತು. ಮೇಲೆಲ್ಲ ನಡೆದು ಬಂದು, "ಇರ್ಲಿ ರಿ. ಮ್ಯಾಲಿನ ಹಳೇ ಮಣ್ಣು ಅರ್ಧ ಇಳಿಸಿ ಭಾರ ಕಡಿಮಿ ಮಾಡ್ರಿ, ಸಾಕು" ಅಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ತೆಗೀಬೇಕಂದ್ರ ನಿನಗ ಎರಡು ತಿಂಗಳ ಕೆಲಸ. ಇರ್ಲಿ ಅಂತೀಯಲ್ಲ, ಯಾಕ?"

"ಇರೂವಂಗ ಐತಿ, ಅದಕ್ಕ."

ಅವನು ಅದನ್ನು ಪೇಟೆಯೆಲ್ಲ ಹೇಳಿದ. ಆಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲ ಕಡೆಯಿಂದ ಕರೆ ಬರತೊಡಗಿತು. ಹನುಮವ್ವ ಇರಲಿ ಅಂದರೆ ಇರಲಿ, ತೆಗೆ ಅಂದರೆ ತೆಗೆ. ಈ ಮಾತು ಕಿವಿಗೆ ಬಿದ್ದ ಮೇಲೆ ನಾನು ನೋಡುವುದು ಕಡಿಮೆಯಾಯಿತು, ಹೇಳುವುದು ಹೆಚ್ಚಾಯಿತು. ಬಾಗಿಲಲ್ಲಿ ನಿಂತೇ ಹೇಳತೊಡಗಿದೆ. ಹೇಳಿದ್ದು ಸರಿಯೂ ಆಗುತ್ತಿತ್ತು. ಬ್ಯಾಡಗಿಯ ಆ ಮನೆಯ ತನಕ.

ಅದು ಮೆಣಸಿನಕಾಯಿ ವ್ಯಾಪಾರದವರ ಮನೆ. ಹೆಸರುಗಳನ್ನು ಬದಲಿಸಿದ್ದೇನೆ. ಮನೆಯ ಹಿರಿಯಳು ನೀಲಮ್ಮ, ಆಕೆಯ ಒಬ್ಬನೇ ಮಗ, ವರ್ಷದ ಹಿಂದೆ ಬಂದ ಸೊಸೆ ಪಾರ್ವತಿ. ಸೊಸೆಗೆ ಆಗ ಇಪ್ಪತ್ತು ಇರಬಹುದು. ನನಗೆ ನಲವತ್ತೈದು. ಯುಗಾದಿಗೆ ಹದಿನೈದು ದಿನ ಮೊದಲು ಹೋದೆ. ಮಾಳಿಗೆ ತುಂಬ ಮೆಣಸಿನಕಾಯಿ ಹರವಿದ್ದರು. ಆ ಕೆಂಪಿನ ನಡುವೆ ಒಂದು ಚೌಕ ಮಾತ್ರ ಬೋಳು. ಅದು ದೇವರ ಕೋಣೆಯ ಮೇಲಿನ ಅಂಕಣ. ದೇವರ ತಲೆಯ ಮೇಲೆ ಯಾರೂ ಕಾಲಿಡಬಾರದು, ಅದು ಆ ಮನೆಯ ಕಟ್ಟಳೆ. ಯಾರೂ ಮರೆತು ಕಾಲಿಡದಿರಲಿ ಎಂದು ಸುತ್ತ ಗೇಣು ಎತ್ತರದ ಮಣ್ಣಿನ ಒಡ್ಡು ಕಟ್ಟಿದ್ದರು. ವರ್ಷಾ ಮಣ್ಣು ಹಾಕುವಾಗಲೂ ಒಡ್ಡಿನ ಈಚೆ ನಿಂತು ಎರಚುವುದು. ಬಡಿಯುವುದಿಲ್ಲ.

ಕೆಲಸ ಬಲ್ಲವರು ಯಾರೇ ನೋಡಿದರೂ ಹೇಳಬಹುದಿತ್ತು. ಬಡಿಯದ ಮಣ್ಣು, ಸುತ್ತ ಒಡ್ಡು, ಅಂದರೆ ಮಳೆಗಾಲದಲ್ಲಿ ಅದು ಮಾಳಿಗೆಯಲ್ಲ, ಕೆರೆ. ಕೆಳಗಿನ ತೊಲೆ ನಾಲ್ಕು ತಿಂಗಳು ನೆನೆಯುತ್ತದೆ. ನೆನೆದ ಕಟ್ಟಿಗೆಗೆ ಗೆದ್ದಲು, ನಮ್ಮ ಮಾತಿನಲ್ಲಿ ಒರಲಿ, ಬರುತ್ತದೆ. ಆದರೆ ಇಂಥ ಕಟ್ಟಳೆ ನಾನು ಕಂಡ ಎಷ್ಟೋ ಮನೆಗಳಲ್ಲಿತ್ತು, ಕೆಲಸದವರು ಯಾರೂ ಎದುರು ಮಾತಾಡುತ್ತಿರಲಿಲ್ಲ. ದೇವರಿದ್ದಲ್ಲಿಗೆ ಗೆದ್ದಲು ಬರುವುದಿಲ್ಲ ಎಂದು ನಂಬಿದವರಂತೆ ಉಳಿದದ್ದನ್ನು ನೋಡಿ ಇಳಿಯುತ್ತಿದ್ದೆವು. ದೇವರ ಕೋಣೆಯೊಳಗೂ ನಮ್ಮನ್ನು ಬಿಡುತ್ತಿರಲಿಲ್ಲ. ಹೊಸ್ತಿಲ ಹೊರಗಿನಿಂದ ಕತ್ತು ಚಾಚಿ ನೋಡಿದೆ. ದೀಪದ ಹೊಗೆಗೆ ತೊಲೆ ಕರ್ರಗಾಗಿತ್ತು, ಏನೂ ಕಾಣಲಿಲ್ಲ.

"ಹೆಂಗೈತಿ ಹನುಮವ್ವ?" ಎಂದಳು ನೀಲಮ್ಮ. ಮಗನೂ ಪಕ್ಕದಲ್ಲಿದ್ದ.

"ಕಲ್ಲಿನಂಗ ಐತ್ರಿ ಅವ್ವಾರ. ಹತ್ತು ಮಳಿಗಾಲ ಕಣ್ಣು ಮುಚ್ಚಿ ಮಲಗ್ರಿ."

ಹೇಳಿ ಆದ ಮೇಲೆ, ಕಸ ಗುಡಿಸುವವಳನ್ನು ಕೇಳಿಲ್ಲ ಎಂದು ನೆನಪಾಯಿತು. ಕೈ ತೊಳೆಯಲು ಹಿತ್ತಲಿಗೆ ಹೋದೆ. ಸೊಸೆ ಅಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಮುಟ್ಟಾಗಿ ಹೊರಗೆ ಕುಳಿತ ಮೂರನೇ ದಿನ. ಪಕ್ಕದಲ್ಲಿ ಒಂದು ತಟ್ಟೆ, ಒಂದು ತಂಬಿಗೆ.

"ತಂಗಿ, ದಿನಾ ಕಸಾ ಯಾರು ಗುಡಿಸ್ತೀರಿ?" ಎಂದೆ.

"ನಾನs ರಿ. ಈ ಮೂರು ದಿನ ಅತ್ತಿ ಗುಡಿಸಾಕತ್ಯಾರ. ಅಕ್ಕಾರ, ದೇವರ ಜಗಲಿ ಮ್ಯಾಲೆ ಮಣ್ಣು ಬೀಳತೈತ್ರಿ. ದೇವರನ್ನ ದಿನಾ ಒರಸಬೇಕು. ಇವತ್ತೂ ಬಿದ್ದೈತಿ ನೋಡ್ರಿ" ಎಂದು ಹಿತ್ತಲ ಮೂಲೆಗೆ ಕೈ ಮಾಡಿದಳು. ಅತ್ತೆ ಬೆಳಿಗ್ಗೆ ಗುಡಿಸಿ ಚೆಲ್ಲಿದ ಕಸ ಅಲ್ಲಿತ್ತು. ಬಾಡಿದ ಹೂವು, ಸುಟ್ಟ ಬತ್ತಿ, ಅದರ ಜೊತೆ ಮಣ್ಣು. ಹೂವು ಬತ್ತಿ ಇದ್ದ ಮೇಲೆ ಅದು ದೇವರ ಕೋಣೆಯ ಕಸವೇ, ಕೇಳಬೇಕಾದ್ದಿಲ್ಲ. ಕೂತು ಒಂದು ಚಿಟಿಕೆ ಎತ್ತಿ ಬೆರಳಲ್ಲಿ ತಿಕ್ಕಿದೆ. ಗೆದ್ದಲಿನ ಮಣ್ಣು. ಸಂಶಯವೇ ಇಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನೀಲಮ್ಮನ ದನಿ. "ಏನಂತಾಳ ಅಕಿ?"

"ದೇವರ ಕೋಣ್ಯಾಗ ಇವತ್ತೂ ಮಣ್ಣು ಬಿದ್ದೈತಿ ಅಂತಾಳ್ರಿ."

"ಹೊರಗ ಕುಂತಾಕಿಗೆ ದೇವರ ಕೋಣಿ ಉಸಾಬರಿ ಯಾಕ? ಹಳೇ ಮನೀ ಅಂದ ಮ್ಯಾಲೆ ಮಣ್ಣು ಉದರತೈತಿ. ಬಾ, ಚಾ ಆರತೈತಿ."

ಹೋದೆ. ಚಹಾ ಕುಡಿದೆ. "ಅವ್ವಾರ, ನಾ ಹೇಳಿದ್ದು ತಪ್ಪು, ಆ ಅಂಕಣ ಹತ್ತಿ ನೋಡಬೇಕು" ಎಂದು ಹೇಳಲು ಒಂದು ಗಳಿಗೆ ಸಾಕಿತ್ತು. ಹೇಳಿದ ಮಾತನ್ನು ಮಗನ ಎದುರಿಗೇ ನುಂಗಬೇಕಲ್ಲ ಅನ್ನಿಸಿತು. ಹನುಮವ್ವ ಮಾತು ತಿರುಗಿಸಿದಳು ಅಂತ ಪೇಟೆಯಲ್ಲಿ ಆದೀತು ಅನ್ನಿಸಿತು. ಹಾವೇರಿಯ ಬಸ್ಸಿಗೂ ಹೊತ್ತಾಗಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಇಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಆ ಅಂಕಣ ಬಿತ್ತು. ನೀಲಮ್ಮ ಜಗಲಿಯ ಮುಂದೆ ಕುಳಿತು ಪೂಜೆ ಮಾಡುತ್ತಿದ್ದಳು. ತೊಲೆ ಗೋಡೆಯ ಹತ್ತಿರ ಮುರಿದು ಓರೆಯಾಗಿ ನಿಂತದ್ದರಿಂದ ಜೀವ ಉಳಿಯಿತು. ಬಲಗೈ ಮೊಣಕೈಯಲ್ಲಿ ಮುರಿಯಿತು. ಮೂರ್ತಿಗಳು ಮಣ್ಣಿನಲ್ಲಿ ಹೂತು ಹೋದವು.

ರಿಪೇರಿಗೆ ನನ್ನನ್ನೇ ಕರೆದರು. ಬೈಯುತ್ತಾರೆ, ಬೈಸಿಕೊಂಡು ಬರೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಪಡಸಾಲೆಯಲ್ಲಿ ಮನೆಯವರು, ದಾಯಾದಿಗಳು, ಪಾರ್ವತಿಯ ತವರಿನವರು ಎಲ್ಲ ಕುಳಿತಿದ್ದರು. ಪಾರ್ವತಿ ಕಂಬದ ಹಿಂದೆ ನಿಂತಿದ್ದಳು. ನೀಲಮ್ಮ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತವಳು ನನ್ನನ್ನು ನೋಡಿ, "ಬಂದ್ಲು ನೋಡ್ರಿ ಸಾಕ್ಷಿ. ಈಕೀನ ಕೇಳ್ರಿ" ಅಂದಳು.

ವಿಷಯ ಅರ್ಥವಾಗಲು ತಡವಾಗಲಿಲ್ಲ. ಬೈಗುಳ ನನಗಲ್ಲ. ಮಾಳಿಗೆ ಬಿದ್ದದ್ದು ದೇವರ ಸಿಟ್ಟಿನಿಂದ. ಸಿಟ್ಟು ಬಂದದ್ದು ಸೊಸೆ ಮುಟ್ಟಾದಾಗ ಒಳಗೆ ಹೋಗಿದ್ದರಿಂದ. ಒಳಗೆ ಹೋಗಿದ್ದಕ್ಕೆ ಗುರುತು ಏನು ಅಂದರೆ, ನಾನು ಬಂದ ದಿನ ಅವಳು ಆಡಿದ ಮಾತು.

"ಮೂರು ದಿನದಿಂದ ಹೊರಗ ಕುಂತಾಕಿಗೆ 'ಇವತ್ತೂ ಮಣ್ಣು ಬಿದ್ದೈತಿ' ಅನ್ನೂದು ಹೆಂಗ ಗೊತ್ತಾತು? ಒಳಗ ಹೋಗಿ ನೋಡ್ಯಾಳ. ಹನುಮವ್ವ, ಹಂಗಂದ್ಲೋ ಇಲ್ಲೋ? ದೇವರ ಆಣಿ ಮಾಡಿ ಖರೇ ಹೇಳು."

ಪಾರ್ವತಿ ನನ್ನನ್ನೇ ನೋಡುತ್ತಿದ್ದಳು. ಹೆದರಿಕೆಯಿಂದ ಅಲ್ಲ. ಈಗ ಮುಗಿಯಿತು, ಈಕೆ ಹೇಳುತ್ತಾಳೆ ಎಂದು ನೆಮ್ಮದಿಯಾದವರ ಮುಖ ಅದು. ಕಸವನ್ನು ನಾವಿಬ್ಬರೂ ನೋಡಿದ್ದೆವಲ್ಲ. "ಅಕಿ ಒಳಗ ಹೋಗಿಲ್ರಿ, ನೀವs ಚೆಲ್ಲಿದ ಕಸದಾಗ ನೋಡಿದ್ಲು, ನಾನೂ ನೋಡೀನಿ, ಒರಲಿ ಮಣ್ಣು ಅಂತ ಗುರುತು ಹಿಡಿದೂ ಸುಮ್ನ ಹೋದೆ" ಎಂದು ಹೇಳಬೇಕಿತ್ತು.

"ಹೌದ್ರಿ" ಎಂದೆ. "ಹಂಗಂದ್ಲು."

ಸುಳ್ಳಲ್ಲ. ಅಂದದ್ದು ನಿಜ. ಅಷ್ಟು ಹೇಳಿ ಬಾಯಿ ಮುಚ್ಚಿದೆ. ಆ ಹುಡುಗಿ ಮುಖ ಆಚೆ ತಿರುಗಿಸಿದಳು. ಅವಳ ತಂದೆ ಎದ್ದು ನಿಂತು ನೀಲಮ್ಮನಿಗೆ ಕೈ ಮುಗಿದ, "ಸಣ್ಣಾಕಿ, ತಿಳೀಲಿಲ್ಲ, ಹೊಟ್ಟ್ಯಾಗ ಹಾಕ್ಕೋರಿ" ಅಂದ. ಮಗಳು ಮಾಡದ ತಪ್ಪಿಗೆ ಬಿಳಿ ತಲೆಯ ಮನುಷ್ಯ ಕೈ ಮುಗಿಯುವುದನ್ನು ಎದುರಿಗೆ ನಿಂತು ನೋಡಿದೆ. ಇನ್ನು ಮುಂದೆ ಸೊಸೆ ದೇವರ ಕೋಣೆಯ ಹೊಸ್ತಿಲು ತುಳಿಯಬಾರದು ಎಂದು ನೀಲಮ್ಮ ಅಲ್ಲೇ ಹೇಳಿದಳು. ಯಾರೂ ಎರಡು ಮಾತಾಡಲಿಲ್ಲ.

ದೇವರನ್ನು ಪಕ್ಕದ ದಾಯಾದಿಗಳ ಮನೆಗೆ ಒಯ್ದಿದ್ದರು. ನಾನು ಆ ಅಂಕಣವನ್ನು ಹೊಸದಾಗಿ ಕಟ್ಟಿದೆ. ಅಷ್ಟು ಚೆನ್ನಾಗಿ ಬೇರೆ ಯಾವುದನ್ನೂ ಕಟ್ಟಿಲ್ಲ. ತೇಗದ ತೊಲೆ ಹಾಕಿಸಿ, ತುದಿಗಳಿಗೆ ಗೇರೆಣ್ಣೆ ಬಳಿದು, ಒಡ್ಡು ತೆಗೆಸಿ, ಪದರು ಪದರಾಗಿ ಬಡಿದೆ. ನಾಚಿಕೆ ಆದವರು ಹೀಗೆ ಕೈಯಲ್ಲಿ ತೀರಿಸಲು ನೋಡುತ್ತಾರೆ. ತೀರುವುದಿಲ್ಲ. ಕೆಲಸ ನಡೆದಷ್ಟು ದಿನ ಪಾರ್ವತಿ ನಮಗೆ ನೀರು ತಂದು ಇಡುತ್ತಿದ್ದಳು. ನನ್ನ ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲೆ ಇಟ್ಟು ಹೋಗುತ್ತಿದ್ದಳು.

ಆಮೇಲಿನ ವರ್ಷಗಳಲ್ಲಿ ಮಣ್ಣಿನ ಮಾಳಿಗೆಗಳು ಒಂದೊಂದೇ ಹೋದವು. ಮೊದಲು ತಗಡಿನ ಪತ್ರಾಸು ಬಂತು, ಆಮೇಲೆ ಸ್ಲ್ಯಾಬ್. ನನ್ನ ಕಡೆಯ ಏಳು ವರ್ಷ ಒಬ್ಬ ಕಂತ್ರಾಟದಾರನ ಕೈಕೆಳಗೆ ಕಾಂಕ್ರೀಟ್ ಪುಟ್ಟಿ ಹೊತ್ತೆ. ಅವನಿಗೆ ನಾನು ತಾಯಿಯ ವಯಸ್ಸಿನವಳು, ಆದರೂ "ಏ ಹನುಮಿ" ಅನ್ನುತ್ತಿದ್ದ. ಅವನು ಹಳೇ ಮನೆ ನೋಡುತ್ತಲೇ ಇರಲಿಲ್ಲ. ಎಲ್ಲಕ್ಕೂ "ಕೆಡವ್ರಿ, ಸ್ಲ್ಯಾಬ್ ಹೊಡೀರಿ". ಮಣ್ಣಿನ ಗೋಡೆಯ ಮೇಲೆ ಸ್ಲ್ಯಾಬ್ ಕೂರಿಸಿ ಹಾವೇರಿಯಲ್ಲಿ ಒಂದು ಮನೆಯ ಗೋಡೆ ಹೊಟ್ಟೆ ಬಿಟ್ಟಿತು. "ಗೋಡಿ ನೋಡಿದ್ರೇನ್ರಿ?" ಎಂದು ಕೇಳಿದೆ. "ಗೋಡಿ ನೋಡೂದು ಗೋಡ್ಯಾವನ ಕೆಲಸ" ಅಂದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನು ನೋಡದೆ ಹೇಳುತ್ತಿದ್ದ. ನಾನು ನೋಡಿ ಹೇಳದೆ ಇದ್ದವಳು.

ನಾನು ಕೆಲಸ ಬಿಟ್ಟ ಮೇಲೂ ಬ್ಯಾಡಗಿಯ ಸುದ್ದಿ ಆಗಾಗ ಬರುತ್ತಿತ್ತು. ಪಾರ್ವತಿಗೆ ಒಬ್ಬಳು ಮಗಳಾಗಿದ್ದಾಳೆ, ಮನೆ ವ್ಯಾಪಾರ ಎರಡೂ ಅವಳೇ ನೋಡುತ್ತಾಳೆ. ಆದರೆ ದೇವರಿಗೆ ದೀಪ ಹಚ್ಚುವುದು ಮೊದಲು ಗಂಡ, ಈಗ ಮಗಳು. ಅವಳು ಹೊಸ್ತಿಲ ಹೊರಗೆ ನಿಂತು ಕೈ ಮುಗಿಯುತ್ತಾಳೆ. ಹಬ್ಬಕ್ಕೆ ಬಂದವರು ಯಾಕೆ ಎಂದು ಕೇಳುತ್ತಾರೆ, ಯಾರಾದರೂ ಪಿಸುಗುಟ್ಟಿ ಹೇಳುತ್ತಾರೆ. ಇಪ್ಪತ್ತಾರು ವರ್ಷ.

ಹೋದ ವರ್ಷ ಫಾಲ್ಗುಣದಲ್ಲಿ ಅವಳೇ ಫೋನ್ ಮಾಡಿದಳು. "ಹನುಮಕ್ಕಾರ, ನಾನು ಬ್ಯಾಡಗಿ ಪಾರ್ವತಿ. ಮಾಳಿಗಿ ತೆಗಿಸಿ ಸ್ಲ್ಯಾಬ್ ಹಾಕಸೂದು ಐತಿ. ಅತ್ತಿ ಹಟಾ ಹಿಡಿದಾರ. ನೀವು ಬಂದು ನೋಡಿ ಹೇಳೂತನಕ ಒಂದು ಹಿಡಿ ಮಣ್ಣು ತೆಗಿಯಂಗಿಲ್ಲ ಅಂತಾರ." ದನಿಯಲ್ಲಿ ಸಿಟ್ಟೂ ಇಲ್ಲ, ಬೇರೆ ಏನೂ ಇಲ್ಲ. ಅಂಗಡಿಯವರು ಮಾತಾಡಿದ ಹಾಗೆ.

ಹೋದೆ. ನೀಲಮ್ಮನಿಗೆ ಎಂಬತ್ತು ದಾಟಿದೆ. ಬಲಗೈ ಮಡಿಚಿದಲ್ಲೇ ಗಟ್ಟಿಯಾಗಿದೆ. ಮಾತು ಮಾತ್ರ ಹಾಗೇ ಇದೆ. ಅಡುಗೆಮನೆಗೆ ಹಿಂದೆಯೇ ಸ್ಲ್ಯಾಬ್ ಆಗಿತ್ತು. ಉಳಿದದ್ದು ಮನೆಯ ಮುಂದಿನ ಭಾಗ ಮತ್ತು ದೇವರ ಕೋಣೆ. ಮುಂದಿನದು ತೆಗೆಯಲೇಬೇಕು, ಅದನ್ನು ಕುರುಡರೂ ಹೇಳಬಹುದಿತ್ತು. ಪ್ರಶ್ನೆ ಇದ್ದದ್ದು ದೇವರ ಕೋಣೆಯದು.

"ಅದನ್ನ ಮುಟ್ಟಬ್ಯಾಡ ಅಂತ ಹೇಳು ಇವರಿಗೆ" ಎಂದಳು ನೀಲಮ್ಮ. "ನಿನ್ನ ಕೈಲೆ ಕಟ್ಟಿದ್ದು. ದೇವರು ಇದ್ದಲ್ಲೇ ಇರ್ಲಿ."

ನಾನು ಕುಳಿತುಕೊಂಡೆ. ಪಾರ್ವತಿ ಚಹಾ ತಂದಳು, ಅವಳ ಮಗಳೂ ಇದ್ದಳು. ಇನ್ನು ಈ ಮೂವರೂ ಒಟ್ಟಿಗೆ ಸಿಗುವುದಿಲ್ಲ ಎಂದು ಹೇಳಲು ಶುರು ಮಾಡಿದೆ.

"ಅವ್ವಾರ, ಹಳೇ ಮಾತು ಒಂದು ಹೇಳೂದೈತ್ರಿ. ಅವತ್ತು ಪಾರ್ವತಿ ಒಳಗ ಹೋಗಿರಲಿಲ್ಲ. ನೀವು ಹಿತ್ತಲಕ ಚೆಲ್ಲಿದ ಕಸದಾಗ ಮಣ್ಣು ನೋಡಿ ಹೇಳಿದ್ಲು. ನಾನೂ ಕೈಯಾಗ ಹಿಡಿದು ನೋಡೀನಿ. ಒರಲಿ ಮಣ್ಣು. ಮಾಳಿಗಿ ಬಿದ್ದದ್ದು ಒರಲಿ ಹತ್ತಿ. ನಾ ಹತ್ತಿ ನೋಡದs ಗಟ್ಟಿ ಐತಿ ಅಂದಿದ್ದೆ. ತಪ್ಪು ನಂದು."

ನೀಲಮ್ಮ ನಕ್ಕಳು. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ವಯಸ್ಸಾತು, ಕರುಳು ಮೆತ್ತಗಾಗೇತಿ ನಿಂದು. ಈಕಿ ಹೇಳಿಸಿದ್ಲೇನ? ಸೀರಿ ಉಡಸ್ತೇನಿ ಅಂದ್ಲೇನ?"

"ಯಾರೂ ಹೇಳಿಸಿಲ್ರಿ. ಖರೇ ಮಾತು."

"ಖರೇ ಇದ್ರ ಅವತ್ತs ಹೇಳ್ತಿದ್ದಿ. ನಿನಗೇನು ಬಾಯಿ ಇರಲಿಲ್ಲೇನ? ನೀ ಯಾರಿಗೂ ಅಂಜೂವಾಕಿ ಅಲ್ಲ, ನನಗ ಗೊತ್ತಿಲ್ಲೇನ?" ಎಂದು ನನ್ನ ಮೊಣಕಾಲು ತಟ್ಟಿದಳು. "ಪುಣ್ಯ ಬರ್ಲಿ ಅಂತ ಸುಳ್ಳು ಹೇಳಾಕತ್ತಿ. ಇರ್ಲಿ ಬಿಡು. ಚಾ ಕುಡಿ."

ಪಾರ್ವತಿ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಇದನ್ನು ಎಳೆಯರು ಗುರುತು ಮಾಡಿಕೊಳ್ಳಬೇಕು. ನಿಜ ಹೇಳುವುದಿದ್ದರೆ ಕೈಗೆ ಮಣ್ಣು ಹತ್ತಿರುವಾಗಲೇ ಹೇಳಬೇಕು. ಆಮೇಲೆ ತೋರಿಸಲು ಏನೂ ಇರುವುದಿಲ್ಲ.

"ಮ್ಯಾಲೆ ಹತ್ತಿ ನೋಡ್ತೇನಿ" ಎಂದು ಎದ್ದೆ.

"ದೇವರ ತಲೀ ಮ್ಯಾಲೆ ಕಾಲಿಡ್ತೀಯಾ? ಬ್ಯಾಡ ಹನುಮವ್ವ!"

"ಅವತ್ತು ಇಡಲಿಲ್ಲ. ಅದಕ್ಕs ಬಿತ್ತು."

ಮೊಣಕಾಲು ಕಚ್ಚುತ್ತಿತ್ತು. ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿದೆ. ನಿಚ್ಚಣಿಕೆಯ ಬುಡ ಹಿಡಿದವಳು ಪಾರ್ವತಿ. ಚಪ್ಪಲಿ ಬಿಟ್ಟು ಆ ಅಂಕಣದ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಹಿಮ್ಮಡಿ ಊರಿ ನೋಡಿದೆ, ಸಲಾಕೆ ಹಾಕಿ ನೋಡಿದೆ. ಕಲ್ಲು. ತೊಲೆಯ ತುದಿಗೆ ಚಾಕು ಇಳಿಯಲಿಲ್ಲ. ಇನ್ನೂ ನಲವತ್ತು ವರ್ಷ ಏನೂ ಆಗುವುದಿಲ್ಲ. ನನ್ನ ಕೈಯ ಕೆಲಸಗಳಲ್ಲಿ ಅದೊಂದೇ ಈಗ ಉಳಿದಿರುವುದು ಎಂದು ಅಲ್ಲಿ ನಿಂತಾಗ ಗೊತ್ತಾಯಿತು.

ಇಳಿದು ಬಂದೆ. ನೀಲಮ್ಮ ಎಡಗೈ ಕೆನ್ನೆಗೆ ಹಚ್ಚಿ ಕುಳಿತಿದ್ದಳು. "ಏನಂತಿ?"

"ಒರಲಿ ಹತ್ತೈತ್ರಿ ಅವ್ವಾರ. ಈ ಮಳಿಗಾಲ ತಡಿಯಂಗಿಲ್ಲ. ತೆಗಿಸಿಬಿಡ್ರಿ."

"ಹೌದೇನ?" ಎಂದಳು. ಒಂದು ಮಾತು ಎದುರು ಕೇಳಲಿಲ್ಲ. ಕಣ್ಣು ಮುಚ್ಚಿ ದೇವರ ಕೋಣೆಯ ಕಡೆ ತಲೆ ಬಾಗಿಸಿದಳು. ತಲೆ ಎತ್ತಿ, "ಹಂಗಾರ ದೇವರನ್ನ ಎಲ್ಲಿ ಇಡೂದು? ದಾಯಾದ್ಯಾರು ಮನಿ ಮಾರಿ ಹೋದ್ರು" ಅಂದಳು.

"ಅಡಗಿ ಮನ್ಯಾಗ ಇಡ್ರಿ. ಅದೊಂದs ಕೆಡವದ ಜಾಗಾ. ಬೆಂಕಿ ಇದ್ದಲ್ಲಿ ಮೈಲಿಗಿ ಇಲ್ಲ."

"ಅಲ್ಲೆ ಈಕಿನs ಇರ್ತಾಳಲ್ಲ ಮೂರೂ ಹೊತ್ತು."

"ಇರಲೇಬೇಕಲ್ರಿ. ಇಲ್ಲಾಂದ್ರ ಅಡಗಿ ಯಾರು ಮಾಡ್ತಾರ?"

"ಎಷ್ಟು ದಿನ ಆಗತೈತಿ?"

"ಸ್ಲ್ಯಾಬ್ ಅಂದ ಮ್ಯಾಲೆ ಆರು ತಿಂಗಳು ಹಿಡೀತೈತ್ರಿ. ಗೋಡಿ ಕಟ್ಟಿ, ನೀರು ಉಣಿಸಿ, ಗಿಲಾಯ ಮಾಡಿ... ವರ್ಷಾನೂ ಆದೀತು."

ಆಕೆಯ ಮೊಮ್ಮಗಳು ಇನ್ನೇನು ಹಾಸ್ಟೆಲ್ಲಿಗೆ ಹೋಗುವವಳು, ಮಗ ಮುಂಜಾನೆಯೇ ಮಾರುಕಟ್ಟೆಗೆ ಹೋಗುವವನು. ಇದೆಲ್ಲ ಆ ಮುದುಕಿಯ ತಲೆಯಲ್ಲಿ ಓಡಿದ್ದು ಮುಖದ ಮೇಲೆ ಕಂಡಿತು. "ದೀಪಾ ಯಾರರ ಹಚ್ಚಲೇಬೇಕು" ಎಂದಳು, ನನಗಲ್ಲ, ಗೋಡೆಗೆ. "ಪಾರ್ವತಿ, ಅಡಗಿಮನಿ ಮೂಡಲ ಗೋಡಿ ಕಡೆ ದೇವರನ್ನ ಇಡಾಕ ಮಣಿ ಹಾಕು."

ನನ್ನ ಕೆಲಸದಲ್ಲಿ ಗಟ್ಟಿ ಇದ್ದದ್ದನ್ನು ಹೋಗಿದೆ ಅಂದದ್ದು ಅದೊಂದೇ ಸಲ. ನೀವು ಹಾಗೆ ಮಾಡಬೇಡಿ. ಸುಳ್ಳು ಹೇಳಿದೆ ಎನ್ನುವುದಕ್ಕಿಂತ ನನಗೆ ನಾಚಿಕೆಯಾದದ್ದು ಬೇರೆಯದಕ್ಕೆ. ಇಪ್ಪತ್ತಾರು ವರ್ಷದ ಮೇಲೆ ಎಲ್ಲರೆದುರು ಹೇಳಿದ ನಿಜವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಒಂದು ಸುಳ್ಳನ್ನು ಬಾಯಿಂದ ಬೀಳುವ ಮೊದಲೇ ತೆಗೆದುಕೊಂಡರು. ನನ್ನ ಮಾತಿಗೆ ಅಂಥ ಬೆಲೆ ಕಟ್ಟಿಟ್ಟವಳು ನಾನೇ.

ಬಸ್ಸಿನ ತನಕ ಪಾರ್ವತಿ ಬಂದಳು. ಮೆಣಸಿನಕಾಯಿ ಚೀಲ ತುಂಬಿದ ಗಾಡಿಗಳು ಹೋಗುತ್ತಿದ್ದವು. ಘಾಟಿಗೆ ನಾನು ಸೀನಿದೆ, ಅವಳು ಸೀನಲಿಲ್ಲ.

"ಖರೇನ ಒರಲಿ ಹತ್ತೈತೇನ್ರಿ?" ಎಂದಳು.

"ಇಲ್ಲ."

"ಗಟ್ಟಿ ಐತಿ?"

"ನಾವಿಬ್ರೂ ಸತ್ತ ಮ್ಯಾಲೂ ಇರೂವಷ್ಟು ಗಟ್ಟಿ ಐತಿ."

ಅವಳು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಇರಬಹುದು, ನಾನು ನೋಡಲಿಲ್ಲ.

"ಅವತ್ತು ನೀವು ಆ ಮಣ್ಣು ಬೆರಳಾಗ ತಿಕ್ಕಿ ನೋಡಿದ್ರಿ. ನಿಮ್ಮ ಮುಖಾ ನೋಡೇ ನನಗ ಗೊತ್ತಾತು ಅದು ಏನಂತ."

"ಹೌದವಾ."

"ನಮ್ಮಪ್ಪ ತೀರಿಕೊಂಡ. ಸಾಯೂತನಕ ಈ ಮನಿ ಕಟ್ಟಿ ಹತ್ತಲಿಲ್ಲ."

ಹಾವೇರಿಯ ಬಸ್ಸು ಬಂತು. ಅವಳು ನನ್ನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದಳು. ಮೊಣಕಾಲಿನ ಸಲುವಾಗಿ ಹಿಡಿದದ್ದು, ಬೇರೆ ಏನೂ ಅಲ್ಲ. ನಾನು ಕುಳಿತ ಮೇಲೆ ಕಿಟಕಿಯ ಕೆಳಗೆ ಬಂದು ನಿಂತಳು.

"ಸೋಮಾರ ಗೌಂಡ್ಯಾರು ಬರ್ತಾರ. ದೇವರನ್ನ ಐತಾರನ ಅಡಗಿಮನೀಗೆ ತರ್ತೇವಿ" ಎಂದಳು. "ನೀವು ಬರೂದು ಬ್ಯಾಡ."

"ಆತವಾ" ಎಂದೆ.